ಮುಹೂರ್ತ ಗೊತ್ತಿತ್ತು, ಆ ದಿನ ಗೊತ್ತಿರಲಿಲ್ಲ

ಕೊಡಗಿನವರಿಗೆ ಸಮಯದ ಲೆಕ್ಕ ಹೇಳಿಕೊಡಬೇಕಿಲ್ಲ. ತುಲಾ ಸಂಕ್ರಮಣಕ್ಕೆ ತಲಕಾವೇರಿಯಲ್ಲಿ ತೀರ್ಥ ಬರೋದು ಎಷ್ಟು ಗಂಟೆ, ಎಷ್ಟು ನಿಮಿಷಕ್ಕೆ ಅಂತ ಮೊದಲೇ ಹೇಳ್ತಾರೆ. ಪುತ್ತರಿಗೆ ಕದಿರು ತೆಗೆಯೋ ಹೊತ್ತು ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ನಿಗದಿಯಾಗುತ್ತೆ. ಅದು ಗೊತ್ತಾದ ಕೂಡಲೇ ನಮ್ಮಜ್ಜಿ ಇನ್ನೊಂದು ಲೆಕ್ಕ ಶುರು ಮಾಡ್ತಿದ್ದರು: ಮನೆ ಹೆಣ್ಮಕ್ಕಳಲ್ಲಿ ಅವತ್ತು ಯಾರು ‘ಹೊರಗೆ’?

ಒಂದು ವರ್ಷ ಅದು ನಾನೇ. ಬೆಂಗಳೂರಿಂದ ರಾತ್ರಿ ಬಸ್ಸಲ್ಲಿ ಹೋಗಿ, ಹಿತ್ತಿಲ ಬಾಗಿಲಲ್ಲಿ ನಿಂತು ಕೋವಿಯ ಸದ್ದು ಮಾತ್ರ ಕೇಳಿಸಿಕೊಂಡೆ. ಮೊಬೈಲಿನ ಆ್ಯಪ್ ಹೇಳಿದ್ದ ದಿನಕ್ಕಿಂತ ಐದು ದಿನ ತಡವಾಗಿತ್ತು.

ಮೈಲಿಗೆಗೆ ಕೊಡವರಲ್ಲಿ ‘ಪೊಲೆ’ ಅನ್ನುವ ಮಾತಿದೆ. ಎಂ.ಎನ್. ಶ್ರೀನಿವಾಸ್ ಕೊಡವರ ಬಗ್ಗೆ ಬರೆದು 1952ರಲ್ಲಿ ಪ್ರಕಟಿಸಿದ ಪುಸ್ತಕ ಮಡಿ ಮತ್ತು ಪೊಲೆಯನ್ನು ವಿವರವಾಗಿ ಚರ್ಚಿಸುತ್ತದೆ. ಹುಟ್ಟು, ಸಾವು, ಮುಟ್ಟು ಎಲ್ಲಕ್ಕೂ ಪೊಲೆ ಉಂಟು. ಇದನ್ನು ಒಪ್ಪದವರೂ ನಮ್ಮ ನಾಡಲ್ಲೇ ಇದ್ದರು. 12ನೇ ಶತಮಾನದ ಶರಣರ ಪರಂಪರೆ ರಜಸ್ಸೂತಕವೂ ಸೇರಿದ ಪಂಚಸೂತಕಗಳನ್ನು ತಳ್ಳಿಹಾಕಿತು.

ಹಾಗಂತ ಅಜ್ಜಿಯಂದಿರನ್ನು ನೋಡಿ ನಗೋ ಮೊದಲು ವಿಜ್ಞಾನದ ಕಡೆಗೂ ಒಮ್ಮೆ ನೋಡೋಣ. ಸಸ್ತನಿಯ ಅಂಡಾಣುವನ್ನು ಕಾರ್ಲ್ ಫಾನ್ ಬೇರ್ ಮೊದಲು ಕಂಡಿದ್ದು 1827ರಲ್ಲಿ, ಅದೂ ನಾಯಿಯಲ್ಲಿ. ಬ್ರಿಟಿಷರು ಕೊಡಗನ್ನು ವಶಪಡಿಸಿಕೊಳ್ಳೋಕೆ ಏಳು ವರ್ಷ ಮುಂಚೆ. ಹೆಣ್ಣುನಾಯಿಗೆ ಬೆದೆಯ ಹೊತ್ತಲ್ಲಿ ರಕ್ತ ಹೋಗುತ್ತೆ. ಹೆಂಗಸರಲ್ಲೂ ಹಾಗೇ, ಮುಟ್ಟಿನ ಆಸುಪಾಸಲ್ಲೇ ಅಂಡಾಣು ಬಿಡುಗಡೆಯಾಗುತ್ತೆ ಅಂತ ಯುರೋಪಿನ ಅನೇಕ ವೈದ್ಯರು ನಂಬಿದರು. ‘ಮಕ್ಕಳು ಬೇಡವಾದರೆ ತಿಂಗಳ ನಡುವಿನ ದಿನಗಳೇ ಕ್ಷೇಮ’ ಅನ್ನೋ ಸಲಹೆ ಹುಟ್ಟಿದ್ದು ಹೀಗೆ. ನಂಬಿ ನಡೆದವರ ಗತಿ ಊಹಿಸಿಕೊಳ್ಳಿ. ಅತಿ ಅಪಾಯದ ದಿನಗಳೇ ಅವು!

ಇದನ್ನು ತಿದ್ದಿದವರು ಜಪಾನಿನ ಕ್ಯೂಸಾಕು ಓಗಿನೊ. ನಿಗಾಟಾದ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಮಾಡುವಾಗ ಅಂಡಾಶಯಗಳನ್ನು ಗಮನಿಸಿ, ಆ ಹೆಂಗಸರ ಮುಟ್ಟಿನ ದಿನಗಳ ಜೊತೆ ತಾಳೆ ಹಾಕಿದರು. 1924ರಲ್ಲಿ ಅವರು ಕೊಟ್ಟ ಉತ್ತರ: ಅಂಡಾಣು ಹೊರಬರೋದು ಮುಂದಿನ ಮುಟ್ಟಿಗೆ 12ರಿಂದ 16 ದಿನ ಮೊದಲು. 1928ರಲ್ಲಿ ಆಸ್ಟ್ರಿಯಾದ ಹರ್ಮನ್ ಕ್ನಾಸ್ ಕೂಡ ಬೇರೆ ದಾರಿಯಲ್ಲಿ ಹೆಚ್ಚುಕಡಿಮೆ ಅಲ್ಲಿಗೇ ಬಂದರು.

ಇಲ್ಲಿ ಮುಖ್ಯ ಮಾತು ‘ಮುಂದಿನ ಮುಟ್ಟಿಗೆ’ ಅನ್ನೋದು. ಲೆಕ್ಕ ಹಿಂದಿನಿಂದ ಹಾಕಬೇಕು. ಮೊದಲರ್ಧದಲ್ಲಿ ಮೆದುಳಿನ ಸೂಚನೆಯಂತೆ ಅಂಡಾಶಯದಲ್ಲಿ ಕೋಶಕವೊಂದು ಬೆಳೆಯುತ್ತೆ. ಅದರ ಈಸ್ಟ್ರೋಜೆನ್ ಗರ್ಭಕೋಶದ ಒಳಪದರವನ್ನು ದಪ್ಪ ಮಾಡುತ್ತೆ. ಎಲ್‌ಎಚ್ ಹಾರ್ಮೋನು ಥಟ್ಟನೆ ಏರಿದಾಗ ಅಂಡಾಣು ಹೊರಬರುತ್ತೆ. ಕೋಶಕದಲ್ಲಿ ಉಳಿದ ಭಾಗ ಪ್ರೊಜೆಸ್ಟರಾನ್ ಒದಗಿಸಿ ಆ ಪದರವನ್ನು ಸುಮಾರು ಎರಡು ವಾರ ಕಾಪಾಡುತ್ತೆ. ಗರ್ಭ ನಿಲ್ಲದಿದ್ದರೆ ಪ್ರೊಜೆಸ್ಟರಾನ್ ಇಳಿದು ಪದರ ಕಳಚುತ್ತೆ. ಅದೇ ಮುಟ್ಟು.

ಎರಡನೇ ಅರ್ಧ ಅಷ್ಟಾಗಿ ಬದಲಾಗಲ್ಲ. ಎಳೆದಾಡೋದು ಹೆಚ್ಚಾಗಿ ಮೊದಲರ್ಧ. ಕಾಯಿಲೆ, ವಿಪರೀತ ಒತ್ತಡ ಅದನ್ನು ಮುಂದೂಡಬಹುದು. ಹಾಗಾಗಿ ಆ್ಯಪ್ ಹೇಳೋದು ಕಳೆದ ತಿಂಗಳುಗಳ ಅಂದಾಜಷ್ಟೇ. ಅದರ ‘ಸೇಫ್’ ದಿನವನ್ನೇ ನಂಬಿ ಕೂತರೆ ನಾವೂ ಆ ಹಳೇ ವೈದ್ಯರ ಸಾಲಿಗೇ ಸೇರ್ತೀವಿ.

ಅಜ್ಜಿಗೆ ಇದನ್ನೆಲ್ಲ ಹೇಳಿದೆ. ಸುಮ್ಮನೆ ಕೇಳಿಸಿಕೊಂಡು ಅಂದರು: “ನಮ್ಗೆ ಇದನ್ನ ಯಾರಾದ್ರೂ ಆವಾಗ್ಲೇ ಹೇಳಿದ್ರೆ, ಏಳು ಹೆರ್ತಿದ್ನಾ ಮಗಾ?”