ಪ್ಲೇಗಿನ ಕಾಲದಲ್ಲಿ ಒಬ್ಬ ಧರ್ಮಗುರುವಿನ ನಡೆ

ಕ್ರಿ. ಶ. 1896ನೆಯ ಇಸವಿಯ ಸಪ್ಟಂಬರದಲ್ಲಿ ಮುಂಬಯಿಯ ಮಾಂಡವಿ ಭಾಗದಲ್ಲಿ ಡಾಕ್ಟರ ವಿಯೇಗಾಸರು ಪ್ಲೇಗನ್ನು ಗುರುತಿಸಿದರು. ಬೇನೆಯು ಬೇಗನೆ ಪುಣೆಗೂ ಹಬ್ಬಿತು. ಅಲ್ಲಿ ಜನರಿಗೆ ರೋಗಕ್ಕಿಂತಲೂ ಅದರ ನಿವಾರಣೆಯ ಕ್ರಮವೇ ಭಯಂಕರವಾಗಿ ತೋರಿತು. ಸೋಜರರು ಮನೆಮನೆಯನ್ನೂ ಹೊಕ್ಕು ಶೋಧಿಸಿದರು. ದೇವರ ಕೋಣೆಯೂ ಉಳಿಯಲಿಲ್ಲ. ಆ ಕ್ರೋಧವು 1897ರ ಜೂನ 22ರಂದು ಪ್ಲೇಗಿನ ಅಧಿಕಾರಿ ರ‍್ಯಾಂಡನ ಮೇಲೆ ಗುಂಡಾಗಿ ಹಾರಿತು.

ಅದೇ ವರ್ಷದ ಜನವರಿ 10ರಂದು ಹಾಫ್ಕಿನ್ ಪಂಡಿತನು ಮುಂಬಯಿಯಲ್ಲಿ ತಾನು ಸಿದ್ಧಪಡಿಸಿದ ಪ್ಲೇಗಿನ ಮದ್ದನ್ನು ಮೊದಲು ತನ್ನ ಮೈಗೇ ಚುಚ್ಚಿಸಿಕೊಂಡಿದ್ದನು. ಆದರೆ ಪರದೇಶಿಯ ಸೂಜಿಗೆ ತೋಳೊಡ್ಡುವವರಾರು? ಖೋಜಾ ಇಸ್ಮಾಯಿಲಿಗಳ ಗುರುಗಳಾದ ಮೂರನೆಯ ಆಗಾಖಾನರು ಆಗ ಇಪ್ಪತ್ತರ ಆಸುಪಾಸಿನ ತರುಣರು. ಅವರು ಶಿಷ್ಯರಿಗೆ ಬರಿಯ ಅಪ್ಪಣೆ ಕೊಡಿಸಿ ಸುಮ್ಮನಿರಲಿಲ್ಲ. ಎಲ್ಲರೆದುರಿಗೆ ತಾವೇ ಚುಚ್ಚಿಸಿಕೊಂಡರು, ಒಮ್ಮೆಯಲ್ಲ, ಹಲವು ಸಲ. ಮಾತಿಗಿಂತ ಗುರುವಿನ ತೋಳೇ ಹೆಚ್ಚು ನುಡಿಯಿತೆನ್ನಬೇಕು. ಸಾವಿರಾರು ಖೋಜರು ಅವರ ಹಿಂದೆ ಬಂದರು. ಖುಶ್ರು ಲಾಜ್ ಎಂಬ ತಮ್ಮ ಬಂಗಲೆಯನ್ನೂ ಅವರು ಹಾಫ್ಕಿನನ ಪ್ರಯೋಗಶಾಲೆಗೆ ಬಿಟ್ಟುಕೊಟ್ಟರು.

1898ರಲ್ಲಿ ಹುಬ್ಬಳ್ಳಿಯಲ್ಲಿ ಬೇನೆಯು ರುದ್ರರೂಪ ತಾಳಿದಾಗ ಅಲ್ಲಿಯ ಸಾವಿರಾರು ಜನರು ಹಾಕಿಸಿಕೊಂಡುದು ಇದೇ ಮದ್ದನ್ನು.