ಬಾಯಿಪಾಠದ ಜಾಣ

ಇಂಗ್ಲೆಂಡಿನ ಕಡಲತೀರದ ಸೀಫರ್ಡ್ ಎಂಬ ಊರಿನಲ್ಲಿ ಪ್ರಿಂಗಲ್ ಮಾರ್ಗನ್ ಎಂಬ ವೈದ್ಯರಿದ್ದರು. ೧೮೯೬ರ ನವೆಂಬರಿನಲ್ಲಿ ಅವರು 'ಬ್ರಿಟಿಷ್ ಮೆಡಿಕಲ್ ಜರ್ನಲ್' ಪತ್ರಿಕೆಗೆ ಒಂದು ಚಿಕ್ಕ ಲೇಖನ ಬರೆದರು. ಪರ್ಸಿ ಎಂಬ ಹದಿನಾಲ್ಕು ವರ್ಷದ ಹುಡುಗನ ವಿಚಾರ ಅದು. ಹುಡುಗ ಚುರುಕು, ಆಟದಲ್ಲಿಯೂ ಯಾರಿಗೂ ಕಡಿಮೆಯಲ್ಲ, ದೃಷ್ಟಿಯೂ ನೆಟ್ಟಗಿತ್ತು. ಏಳನೆಯ ವಯಸ್ಸಿನಿಂದ ಪಾಠ ಹೇಳಿಸಿದ್ದರೂ ಓದು ಮಾತ್ರ ಹತ್ತಲೊಲ್ಲದು. ಇವನಿಗೆ ಅಕ್ಷರವೇ ಬಾರದೆಂದು ಮನೆಯವರು ಒಮ್ಮೆ ಕೈಚೆಲ್ಲಿದ್ದರಂತೆ. ತನ್ನ ಹೆಸರನ್ನೇ ಅವನು 'ಪ್ರೆಸಿ' ಎಂದು ಬರೆದನು. ತೋರಿಸಿಕೊಟ್ಟರೂ ತಪ್ಪು ಒಡನೆ ಕಾಣಲಿಲ್ಲ. ಅದೇ ಹುಡುಗ ಒಂಬತ್ತು ಅಂಕಿಯ ಸಂಖ್ಯೆಯನ್ನು ತಟ್ಟನೆ ಓದಿಬಿಟ್ಟನು! ಪಾಠವೆಲ್ಲ ಬಾಯಿಮಾತಿನಲ್ಲೇ ನಡೆಯುವಂತಿದ್ದರೆ ಶಾಲೆಗೆಲ್ಲ ಇವನೇ ಜಾಣನೆಂದು ಅವನ ಉಪಾಧ್ಯಾಯರ ಅಭಿಪ್ರಾಯ.

'ಡಿಸ್ಲೆಕ್ಸಿಯಾ' ಎಂಬ ಹೆಸರನ್ನು ೧೮೮೭ರಲ್ಲಿಯೇ ಜರ್ಮನಿಯ ಕಣ್ಣಿನ ವೈದ್ಯ ರುಡಾಲ್ಫ್ ಬರ್ಲಿನ್ ಬಳಸಿದ್ದರು. ಆದರೆ ಅದು ಮಿದುಳಿನ ರೋಗದಿಂದ ಓದು ಕಳೆದುಕೊಂಡ ದೊಡ್ಡವರ ಮಾತು. ಇದು ಹುಟ್ಟಿನಿಂದಲೂ ಬರಬಹುದೆಂಬುದಕ್ಕೆ ಪರ್ಸಿ ಸಾಕ್ಷಿಯಾದನು. ಮಾರ್ಗನ್ ಇದನ್ನು ಪದಗುರುಡೆಂದರು. ಒಳ್ಳೆಯ ಹೆಸರಲ್ಲ, ಕುಂದು ಕಣ್ಣಿನದೆಂದೇ ಜನ ತಿಳಿಯುವಂತಾಯಿತು. ನುಡಿಯ ಧ್ವನಿಗಳನ್ನು ಬಿಡಿಸಿ ಅಕ್ಷರಕ್ಕೆ ಹೊಂದಿಸುವುದರಲ್ಲಿಯೇ ಹೆಚ್ಚಿನ ತೊಡಕೆಂಬುದು ಈಗಿನ ತಿಳಿವಳಿಕೆ. ಸೋಮಾರಿತನಕ್ಕೂ ಇದಕ್ಕೂ ಸಂಬಂಧವಿಲ್ಲ.

ಓದಲೊಲ್ಲದ ಮಗುವನ್ನು ಒಲಿಸಿದ ಬಗೆಗಳಲ್ಲಿ ನನಗೆ ಬಹಳ ಮೆಚ್ಚುಗೆಯಾದದ್ದು ಅಮೆರಿಕದ ಗ್ರೇಸ್ ಫರ್ನಾಲ್ಡ್ ಅವರದು. ೧೯೨೧ರಲ್ಲಿ ಲಾಸ್ ಏಂಜಲೀಸ್ ನಗರದಲ್ಲಿ ಇಂಥ ಮಕ್ಕಳಿಗಾಗಿ ಶಾಲೆ ತೆರೆದ ಆಕೆ, ಮೊದಲಿಗೆ ಪುಸ್ತಕವನ್ನೇ ಕೊಡುತ್ತಿರಲಿಲ್ಲ. ಯಾವ ಪದ ಬೇಕೆಂದು ಮಗುವನ್ನೇ ಕೇಳುವುದು. ಅದನ್ನು ದೊಡ್ಡದಾಗಿ ಬರೆದು, ಬಾಯಲ್ಲಿ ಅನ್ನುತ್ತ ಬೆರಳಿನಿಂದ ತಿದ್ದಿಸುವುದು, ನೋಡದೆ ಬರೆಯುವ ತನಕ. ಕೂಲಿಮಠದ ಮರಳಿನ ಮೇಲೆ ತಿದ್ದಿದ ನಮ್ಮ ಹಿರಿಯರಿಗೆ ಇದು ಹೊಸದೆನಿಸದು. ಆದರೆ ಇಲ್ಲಿ ಪದ ಮಗುವಿನದು, ಅಯ್ಯನವರದಲ್ಲ. ಕಲಿತ ಪದಗಳಿಂದ ಮಗು ಕಥೆ ಬರೆದರೆ ಅದನ್ನು ಟೈಪು ಮಾಡಿ ಅದರ ಕೈಗೇ ಓದಲು ಕೊಡುವರು. ಮನೆಯವರ ಪೀಡಿಸುವಿಕೆಯನ್ನಂತೂ ಆಕೆ ಕೂಡದೆಂದರು.

ಇದೊಂದೇ ಸಾಕೆನ್ನಲಾಗದು. ಸ್ಯಾಮ್ಯುಯಲ್ ಆರ್ಟನ್, ಅನ್ನಾ ಗಿಲಿಂಗ್‌ಹ್ಯಾಂ ಅವರು ರೂಪಿಸಿದಂತೆ, ಅಕ್ಷರಕ್ಕೂ ಧ್ವನಿಗೂ ಇರುವ ನಂಟನ್ನು ಕ್ರಮವಾಗಿ ಕಲಿಸಲು ಬಲ್ಲವರು ಬೇಕು. ಮನೆಯ ಪಾಲಿನದು ಬೇರೆ. ಪರ್ಸಿಯಂತಹ ಹುಡುಗನ ಕಿವಿ ತೆರೆದೇ ಇರುತ್ತದೆ. ಅವನ ವಯಸ್ಸಿಗೆ ಒಪ್ಪುವ ಕಥೆಯನ್ನು ತಾಯಿಯೋ ಅಜ್ಜನೋ ಓದಿ ಹೇಳಲಿ. ಕುತೂಹಲ ಏರಿದಾಗ ಒಂದು ಸಾಲನ್ನು ಅವನಿಗೆ ಬಿಡಲಿ. ತಡವರಿಸಿದರೆ ಪದವನ್ನು ಹೇಳಿಕೊಟ್ಟು, ಕಥೆ ನಿಲ್ಲದಂತೆ ಮುಂದೆ ಸಾಗಲಿ.