ಅಂಕಿಗಳು ಮತ್ತೆ ದನಿಯಾಗುವ ಬಗೆ

ಮಲೆನಾಡಿನ ಮನೆಗಳಿಗೆ ಸಂಗೀತ ನಡೆದು ಬಂದ ದಾರಿಯಲ್ಲಿ ಭದ್ರಾವತಿಗೆ ಒಂದು ವಿಶೇಷ ಸ್ಥಾನವಿದೆ. ಕಬ್ಬಿಣ ಮತ್ತು ಕಾಗದದ ಕಾರ್ಖಾನೆಗಳಿಂದ ಹೆಸರಾಗಿದ್ದ ಆ ಊರಿನಲ್ಲಿ 1965ರಲ್ಲಿ ಆಕಾಶವಾಣಿ ಕೇಂದ್ರ ಆರಂಭವಾಯಿತು. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ಆರಂಭಿಸಿದ ಪುಟ್ಟ ಬಾನುಲಿ ಕೇಂದ್ರಕ್ಕೆ ಇದ್ದ ಹೆಸರೇ ಮುಂದೆ ಇಡೀ ದೇಶದ ಬಾನುಲಿಗೆ ಆಯಿತು ಎಂಬುದು ಬಲ್ಲವರಿಗೆಲ್ಲ ಗೊತ್ತು. ಮೂವತ್ತು ವರ್ಷಗಳ ಬಳಿಕ ಅದೇ ಹೆಸರು ಭದ್ರೆಯ ದಂಡೆಗೂ ಬಂತು.

ದೀರ್ಘಕಾಲ ಭದ್ರಾವತಿ ಕೇಂದ್ರವೆಂದರೆ ಮಧ್ಯಮ ತರಂಗದ 675 ಕಿಲೋಹರ್ಟ್ಜ್. ಈ ಸಂಖ್ಯೆಯನ್ನು 9ರಿಂದ ಭಾಗಿಸಿದರೆ ಶೇಷ ಉಳಿಯುವುದಿಲ್ಲ. ಅದು ಆಕಸ್ಮಿಕವಲ್ಲ. 1975ರ ಜಿನೀವಾ ಒಪ್ಪಂದದ ಪ್ರಕಾರ ಏಷ್ಯಾ, ಯುರೋಪ್, ಆಫ್ರಿಕಾಗಳ ಮಧ್ಯಮ ತರಂಗ ಕೇಂದ್ರಗಳಿಗೆ 9 ಕಿಲೋಹರ್ಟ್ಜ್ ಅಂತರದಲ್ಲಿ ಜಾಗ ಹಂಚಲಾಯಿತು. ಇಷ್ಟು ಇಕ್ಕಟ್ಟಿನಲ್ಲಿ ಒಂದು ಕೇಂದ್ರದ ಸದ್ದು ಪಕ್ಕದ ಕೇಂದ್ರದ ಮೇಲೆ ಬೀಳಬಾರದೆಂದು ರೇಡಿಯೋ ಪೆಟ್ಟಿಗೆಗಳು ಸುಮಾರು 5,000 ಹರ್ಟ್ಜ್‌ಗಿಂತ ಮೇಲಿನ ಧ್ವನಿಯನ್ನು ಬಹುಮಟ್ಟಿಗೆ ಕತ್ತರಿಸುತ್ತಿದ್ದವು. ಎಳೆಯ ಕಿವಿ 20,000 ಹರ್ಟ್ಜ್‌ವರೆಗೂ ಕೇಳಬಲ್ಲದು. 'ಸ'ಕಾರದ ಚೂಪು, ತಂಬೂರಿಯ ಜೀವಾಳದ ಝೇಂಕಾರ ಇವೆಲ್ಲ ದಾರಿಯಲ್ಲೇ ಉದುರಿಹೋಗುತ್ತಿದ್ದವು. ಹಾಗಿದ್ದೂ ಅದನ್ನು ಕೊರತೆಯೆಂದು ಯಾರೂ ಎಣಿಸಲಿಲ್ಲ. ರೇಡಿಯೋದ ದನಿಯೇ ಹಾಗೆಂದು ಕಿವಿ ಒಪ್ಪಿಕೊಂಡಿತ್ತು.

ಆಮೇಲೆ ಬಂದದ್ದು ಕ್ಯಾಸೆಟ್. ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದ ಈ ಪುಟ್ಟ ಸುರುಳಿಗೆ ಕನ್ನಡದಲ್ಲಿ ಮನ್ನಣೆ ತಂದದ್ದು 1978ರ 'ನಿತ್ಯೋತ್ಸವ'. ಅದರ ಕವಿತೆಗಳು ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ನಿಸಾರ್ ಅಹಮದ್ ಅವರವು. ರಾಗ ಸಂಯೋಜನೆ ಮೈಸೂರು ಅನಂತಸ್ವಾಮಿಯವರದು. 'ಕಾಡು ಕುದುರೆ' ಚಿತ್ರದ ಹಾಡಿಗೆ ರಾಷ್ಟ್ರಪ್ರಶಸ್ತಿ ಪಡೆದ ಶಿವಮೊಗ್ಗ ಸುಬ್ಬಣ್ಣನವರ ಕಂಠವೂ ಮನೆಮನೆಗೆ ತಲುಪಿದ್ದು ಮುಖ್ಯವಾಗಿ ಕ್ಯಾಸೆಟ್ಟಿನ ಮೂಲಕವೇ. ಸೆಕೆಂಡಿಗೆ ಐದು ಸೆಂಟಿಮೀಟರಿಗೂ ಕಡಿಮೆ ವೇಗದಲ್ಲಿ ಓಡುವ ಆ ಟೇಪಿನಲ್ಲಿ ಹಾಡಿನ ಹಿಂದೆ ಸದಾ ಒಂದು 'ಸುಂಯ್' ಇರುತ್ತಿತ್ತು. ಮಳೆಗಾಲದ ಬೂಷ್ಟು ಬೇರೆ.

ಇವೆರಡಕ್ಕೂ ಪರಿಹಾರವೆಂಬಂತೆ ಬಂದದ್ದು ಅಂಕಿಗಳ ವಿದ್ಯೆ. ಇದರ ಮೂಲ ಸಂಗೀತದಲ್ಲಿಲ್ಲ, ಟೆಲಿಫೋನಿನಲ್ಲಿದೆ. ದೂರದ ತಂತಿಗಳಲ್ಲಿ ಗದ್ದಲ ಸೇರಿಕೊಂಡು ಮಾತು ಕೆಡುವುದನ್ನು ತಪ್ಪಿಸಲು ಅಲೆಕ್ ರೀವ್ಸ್ ಎಂಬ ಇಂಗ್ಲಿಷ್ ಎಂಜಿನಿಯರ್ 1937ರ ಸುಮಾರಿಗೆ ಒಂದು ಉಪಾಯ ಹೂಡಿದ. ಧ್ವನಿಯ ಅಲೆಯನ್ನು ಮತ್ತೆ ಮತ್ತೆ ಅಳೆದು, ಆ ಅಳತೆಗಳ ಅಂಕಿಗಳನ್ನು ಮಾತ್ರ ಕಳಿಸುವುದು. ಅಂಕಿಗೆ ಗದ್ದಲ ಅಂಟುವುದಿಲ್ಲ. 1982ರಲ್ಲಿ ಜಪಾನಿನ ಮಾರುಕಟ್ಟೆಗೆ ಬಂದ ಕಾಂಪ್ಯಾಕ್ಟ್ ಡಿಸ್ಕ್ ಸೆಕೆಂಡಿಗೆ 44,100 ಬಾರಿ ಅಲೆಯನ್ನು ಅಳೆದು, ಪ್ರತಿ ಅಳತೆಯನ್ನು 65,536 ಮೆಟ್ಟಿಲುಗಳಲ್ಲಿ ಒಂದರ ಮೇಲೆ ಕೂರಿಸುತ್ತದೆ. 44,100 ಎಂಬ ವಿಚಿತ್ರ ಸಂಖ್ಯೆ ಬಂದದ್ದು ವಿಡಿಯೋ ಟೇಪಿನಿಂದ. ಆರಂಭದಲ್ಲಿ ಅಂಕಿಗಳನ್ನು ತುಂಬಿಡಲು ಅದೇ ಗತಿಯಾಗಿತ್ತು. ಚಿತ್ರದ ಒಂದು ಗೆರೆಗೆ ಮೂರು ಅಳತೆ, 245 ಗೆರೆ, ಸೆಕೆಂಡಿಗೆ 60 ಸಲ: ಗುಣಿಸಿ ನೋಡಿ.

ಅಳೆದದ್ದಾಯಿತು, ಆದರೆ ಕಿವಿ ಅಂಕಿಗಳನ್ನು ಕೇಳುವುದಿಲ್ಲ. ಅವನ್ನು ಮತ್ತೆ ವಿದ್ಯುತ್ತಿನ ಅಲೆಯಾಗಿಸುವ ಸಾಧನವೇ ಪರಿವರ್ತಕ. ಧ್ವನಿಪ್ರಿಯರ ಬಾಯಲ್ಲಿ 'ಡ್ಯಾಕ್'. ಫಿಲಿಪ್ಸ್‌ನವರ ಬಳಿ ಇದ್ದದ್ದು 14 ಬಿಟ್‌ನ ಪರಿವರ್ತಕ. ಸೋನಿಯವರ ಪಟ್ಟಿನಿಂದ ಡಿಸ್ಕಿಗೆ 16 ಬಿಟ್ ಗೊತ್ತಾಯಿತು. ಫಿಲಿಪ್ಸ್‌ನ ಎಂಜಿನಿಯರುಗಳು ಸೋಲೊಪ್ಪಲಿಲ್ಲ. ಅಂಕಿಗಳ ವೇಗವನ್ನು ಲೆಕ್ಕದಿಂದ ನಾಲ್ಕು ಪಟ್ಟು ಹೆಚ್ಚಿಸಿ, ಲೆಕ್ಕದ ದೋಷವನ್ನು ಕಿವಿಗೆ ಕೇಳದ ಎತ್ತರಕ್ಕೆ ತಳ್ಳಿ, 14ರಿಂದಲೇ 16ರ ಕೆಲಸ ತೆಗೆದರು. ಇಂದಿನ ಅಗ್ಗದ ಚಿಪ್ಪುಗಳೂ ಇದೇ ಉಪಾಯವನ್ನು ಇನ್ನಷ್ಟು ಮುಂದಕ್ಕೆ ಒಯ್ದಂಥವು. ಜೇಬಿನ ಮೊಬೈಲಿನಲ್ಲೂ ಅಂಥದೊಂದು ಕುಳಿತಿದೆ.

ಹಾಗಾದರೆ ಸಾವಿರಾರು ರೂಪಾಯಿ ತೆತ್ತು ಬೇರೆ ಪೆಟ್ಟಿಗೆ ಕೊಳ್ಳಬೇಕೆ? ಲೆಕ್ಕ ಹಾಕೋಣ. 16 ಬಿಟ್‌ನಲ್ಲಿ ಅತಿ ಮೆಲ್ಲನೆಯ ಮತ್ತು ಅತಿ ಜೋರಿನ ಸದ್ದಿನ ಅಂತರ ಸುಮಾರು 96 ಡೆಸಿಬಲ್. ನಡುರಾತ್ರಿ ನಿಶ್ಶಬ್ದವಾದ ಕೋಣೆಯಲ್ಲೂ 30 ಡೆಸಿಬಲ್‌ನಷ್ಟು ಗದ್ದಲ ಇದ್ದೇ ಇರುತ್ತದೆ. ಮನೆಯಲ್ಲಿ ಹಾಡನ್ನು 90 ಡೆಸಿಬಲ್‌ಗಿಂತ ಜೋರಾಗಿ ಇಟ್ಟರೆ ಪಕ್ಕದ ಮನೆಯವರು ಬಾಗಿಲು ತಟ್ಟುತ್ತಾರೆ. ನಮಗೆ ದಕ್ಕುವುದು 60ರಷ್ಟೇ. ಆಷಾಢದ ಮಳೆ ಹೆಂಚಿನ ಮೇಲೆ ಸುರಿಯುವಾಗ ಅಷ್ಟೂ ಇಲ್ಲ. 24 ಬಿಟ್, 32 ಬಿಟ್ ಎಂದು ಪೆಟ್ಟಿಗೆಯ ಮೇಲೆ ಅಚ್ಚಾದ ಸಂಖ್ಯೆಗಳು ಧ್ವನಿಮುದ್ರಣ ಮಾಡುವವರಿಗೆ ಉಪಯುಕ್ತ, ಕೇಳುವವರಿಗೆ ಅಲಂಕಾರ. ಮೊಬೈಲಿನಿಂದ ಗುಂಯ್‌ಗುಡುವಿಕೆ ಕೇಳುತ್ತಿದ್ದರೆ ಅಥವಾ ದೊಡ್ಡ ಆಂಪ್ಲಿಫೈಯರಿಗೆ ಜೋಡಿಸಬೇಕಿದ್ದರೆ ಸಾಧಾರಣ ಬೆಲೆಯ ಪರಿವರ್ತಕ ಸಾಕು. ಎರಡನ್ನು ಹೋಲಿಸುವವರು ಮೊದಲು ಎರಡರ ಸದ್ದನ್ನೂ ಸಮಮಾಡಿಕೊಳ್ಳಬೇಕು. ಕೊಂಚ ಜೋರಾದದ್ದೇ ಕಿವಿಗೆ ಇಂಪೆನಿಸುತ್ತದೆ. ಅಂಗಡಿಯವರಿಗೂ ಇದು ಗೊತ್ತು.

ಹಣಕ್ಕಿಂತ ಹೆಚ್ಚು ಗಮನ ಬೇಕಾದದ್ದು ಕೋಣೆಗೆ. ಹೆಂಚಿನ ಇಳಿಮಾಡು, ಮರದ ಅಟ್ಟ, ಜಗಲಿಗೆ ತೆರೆದ ಬಾಗಿಲು ಇದ್ದ ಹಳೆಯ ಮನೆಗಳಲ್ಲಿ ಸದ್ದು ಚದುರಿ ಹೊರಗೆ ಹೋಗುತ್ತಿತ್ತು. ಈಗಿನ ಕಾಂಕ್ರೀಟು ಕೋಣೆ ಹಾಗಲ್ಲ. ಮೂರು ಮೀಟರ್ ಅಂತರದ ಎರಡು ನುಣುಪು ಗೋಡೆಗಳ ನಡುವೆ 57 ಹರ್ಟ್ಜ್ ಮತ್ತು ಅದರ ದುಪ್ಪಟ್ಟಿನ ಸ್ವರಗಳು ಸಿಕ್ಕಿಬಿದ್ದು ಊದಿಕೊಳ್ಳುತ್ತವೆ. ತಬಲಾದ ಡಗ್ಗದ ಹೊಡೆತಗಳೆಲ್ಲ ಒಂದೇ 'ಧುಂ' ಆಗುವುದು ಹೀಗೆ. ಸ್ಪೀಕರುಗಳನ್ನು ಮೂಲೆಯಿಂದ ಎರಡಡಿ ಈಚೆಗೆ ಎಳೆದು, ಟೈಲ್ಸ್ ನೆಲಕ್ಕೆ ಜಮಖಾನೆ ಹಾಸಿದರೆ ಆಗುವ ಬದಲಾವಣೆ ಯಾವ ಚಿಪ್ಪಿನಿಂದಲೂ ಆಗದು.

ಇದಕ್ಕಿಂತ ದೊಡ್ಡ ನಷ್ಟ ಬೇರೆಡೆ ನಡೆಯುತ್ತಿದೆ. ಪರಿವರ್ತಕ ತನಗೆ ಕೊಟ್ಟದ್ದನ್ನಷ್ಟೇ ಹಿಂದಿರುಗಿಸುತ್ತದೆ. ಡಿಸ್ಕಿನಲ್ಲಿ ಸೆಕೆಂಡಿಗೆ 14 ಲಕ್ಷ ಬಿಟ್‌ಗಳಿದ್ದರೆ, ನಮ್ಮ ಎಷ್ಟೋ ಹಳೆಯ ಭಾವಗೀತೆಗಳು ಇಂದು ಸಿಗುವುದು ಅದರ ಹನ್ನೊಂದನೆಯ ಒಂದು ಭಾಗಕ್ಕೆ ಕುಗ್ಗಿಸಿದ ಎಂಪಿ3 ರೂಪದಲ್ಲಿ, ಅದೂ ಸವೆದ ಕ್ಯಾಸೆಟ್ಟಿನಿಂದ ಅವಸರದಲ್ಲಿ ಇಳಿಸಿಕೊಂಡದ್ದು. ಹಾಗೆ ಎಸೆದದ್ದನ್ನು ಲಕ್ಷ ರೂಪಾಯಿಯ ಪೆಟ್ಟಿಗೆಯೂ ಹುಡುಕಿ ತರಲಾರದು. ಅಂಗಡಿಯ ಕ್ಯಾಸೆಟ್ಟಿಗಾದರೂ ಇನ್ನೊಂದು ಪ್ರತಿ ಎಲ್ಲೋ ಸಿಕ್ಕೀತು. ಮದುವೆಮನೆಯ ಸೋಬಾನೆ, ಅಜ್ಜಿಯ ಹಾಡು, ಊರ ತಾಳಮದ್ದಳೆ ತುಂಬಿಟ್ಟ ಟೇಪಿಗೆ ಎರಡನೆಯ ಪ್ರತಿ ಇಲ್ಲ. ಮಲೆನಾಡಿನ ತೇವಕ್ಕೆ ಅವು ಹೆಚ್ಚು ವರ್ಷ ಬಾಳವು. ಪರಿವರ್ತಕಕ್ಕೆಂದು ತೆಗೆದಿಟ್ಟ ಹಣವನ್ನು ಒಂದು ಒಳ್ಳೆಯ ಕ್ಯಾಸೆಟ್ ಪ್ಲೇಯರನ್ನು ರಿಪೇರಿ ಮಾಡಿಸಲು ಬಳಸಿ, ಕುಗ್ಗಿಸದ ರೂಪದಲ್ಲಿ ಒಮ್ಮೆ ಅಂಕಿಗೆ ಇಳಿಸಿಕೊಳ್ಳುವುದು ಮೇಲು. ಇಳಿಸುವ ಮುನ್ನ ಹೆಡ್ಡಿನ ಪಕ್ಕದಲ್ಲಿರುವ ಸಣ್ಣ ಸ್ಕ್ರೂ ಅನ್ನು, 'ಸ'ಕಾರ 'ಶ'ಕಾರಗಳು ಬಿಚ್ಚಿ ಕೇಳುವವರೆಗೆ ಕೂದಲೆಳೆಯಷ್ಟು ಅತ್ತ ಇತ್ತ ತಿರುಗಿಸಿ ನೋಡಬೇಕು. ಪ್ರತಿ ಟೇಪಿಗೂ ಅದು ಬೇರೆ.